ಬಾಳೆನಾರಿನ ಹತ್ತೊಂಬತ್ತು ಗೆರೆಗಳು

ಮೊನ್ನೆ ಕಪಾಟಿನಿಂದ ಒಂದು ಪುಸ್ತಕ ಎಳೆದಾಗ ಅದರೊಳಗಿಂದ ಏನೋ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಹಲ್ಲಿಯ ಬಾಲ ಎಂದುಕೊಂಡು ನಾನು ಕೂಗಿದ್ದು ಪಕ್ಕದ ಮನೆಯವರೆಗೂ ಕೇಳಿಸಿತಂತೆ. ಬಗ್ಗಿ ನೋಡಿದರೆ ಬಾಳೆನಾರು. ಗೇಣುದ್ದ, ಒಣಗಿ ಕಂದಾಗಿದೆ, ಒಂದು ತುದಿಯಲ್ಲಿ ಹಾಕಲು ಹೊರಟು ಬಿಟ್ಟ ಅರ್ಧ ಗಂಟು. ಮೂಸಿದರೆ ಮಲ್ಲಿಗೆಯ ವಾಸನೆ ಇರಬೇಕಿತ್ತು. ಇರಲಿಲ್ಲ. ಕಪಾಟಿನ ವಾಸನೆಯೇ ಇತ್ತು.

ಹೊರಗೆ ಮಳೆ ಬರುತ್ತಿತ್ತು.

ಮೇಲಿನ ಸಾಲನ್ನು ಬರೆದು ಹೊಡೆದುಹಾಕಿದ್ದೆ, ಮತ್ತೆ ಬರೆದಿದ್ದೇನೆ. ನೆನಪಿನ ಬರಹಗಳಲ್ಲಿ ಯಾವಾಗ ನೋಡಿದರೂ ಹೊರಗೆ ಮಳೆ ಬರುತ್ತಿರುತ್ತದೆ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕೂತು ಬೇರೆಯವರ ನೆನಪುಗಳ ಪ್ರೂಫ್ ತಿದ್ದುತ್ತ ಆಯುಷ್ಯ ಕಳೆದವಳು ನಾನು. ಆ ಮಳೆಯ ಮೇಲೆ ನನಗೆ ಭಾರೀ ಸಂಶಯ. ಅಜ್ಜಿ ತೀರಿಕೊಂಡರೂ ಮಳೆ, ಪರೀಕ್ಷೆಯಲ್ಲಿ ಪಾಸಾದರೂ ಮಳೆ. ಹಾಗಾಗಿ ನನ್ನ ಸ್ವಂತ ನೆನಪುಗಳಿಂದ ಮೊದಲು ತೆಗೆದುಹಾಕುವುದು ಮಳೆಯನ್ನು. ಈ ಅಭ್ಯಾಸದಿಂದ ಒಬ್ಬರಿಗೆ ಅನ್ಯಾಯವಾಯಿತು. ಅದನ್ನೇ ಹೇಳಬೇಕೆಂದಿದ್ದೇನೆ. ಆದರೆ ನೀವು ನನ್ನನ್ನು ಬಲ್ಲಿರಿ, ನೇರವಾಗಿ ಹೇಳಿ ಗೊತ್ತಿಲ್ಲ.

ನಾನೂ ಎರಡು ಕಥಾಸಂಕಲನ ಬರೆದಿದ್ದೇನೆ. ಮೊದಲನೆಯದರಲ್ಲಿ ಎಲ್ಲಿಯೂ ಅಲ್ಪವಿರಾಮ ಇಲ್ಲ. ಎರಡನೆಯದರಲ್ಲಿ ಕತೆಗಳು ನಡುವಿನಿಂದ ಹೊರಟು ಮೊದಲಿಗೆ ಬಂದು ನಿಲ್ಲುತ್ತವೆ. ಅವುಗಳ ಉಳಿದ ಪ್ರತಿಗಳ ಕಟ್ಟೊಂದು ಈಗ ನಮ್ಮ ಟಿವಿಯ ಕೆಳಗೆ ಉಂಟು. ಟಿವಿ ಸರಿಯಾದ ಎತ್ತರಕ್ಕೆ ಬಂದಿದೆ.

ಈ ತಲೆಕೆಳಗಿನ ಕತೆಗಳ ರೋಗ ಹತ್ತಿದ್ದು ಕಾಪುವಿನಲ್ಲಿ. ಚಿಕ್ಕವಳಿದ್ದಾಗ ಮನೆಯಲ್ಲಿ ಪುಸ್ತಕಗಳಿರಲಿಲ್ಲ, ಒಣಸಿಗಡಿ ಇತ್ತು. ಅಂಗಡಿಯವರು ಅದನ್ನು ಹಳೆಯ ವಾರಪತ್ರಿಕೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಅಮ್ಮ ಸಿಗಡಿಯನ್ನು ಡಬ್ಬಿಗೆ ಸುರಿದ ಕೂಡಲೇ ಕಾಗದ ನನ್ನದು. ಧಾರಾವಾಹಿಯ ಹದಿಮೂರನೆಯ ಕಂತು ಮೊದಲು ಬರುತ್ತಿತ್ತು, ಮುಂದಿನ ತಿಂಗಳು ನಾಲ್ಕನೆಯದು. ಒಬ್ಬಳು ಮೊದಲು ವಿಧವೆಯಾಗಿ ಆಮೇಲೆ ಮದುವೆಯಾದಳು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಂದಿಗೂ ಯಾವುದಾದರೂ ಕಾದಂಬರಿಯಲ್ಲಿ ನಾಯಕ ನಾಯಕಿಯ ಕೈ ಹಿಡಿದರೆ ನನ್ನ ಮೂಗಿಗೆ ಒಣಸಿಗಡಿ ಬಡಿಯುತ್ತದೆ. ಅಣ್ಣನನ್ನು ಕೇಳಿದರೆ ಅದು ಸಿಗಡಿಯ ಕಾಗದವೇ ಅಲ್ಲ, ಬೆಲ್ಲದ್ದು ಎನ್ನುತ್ತಾನೆ. ಯಾರ ನೆನಪು ಸರಿಯೋ. ಅವನ ದಾಂಪತ್ಯವಂತೂ ಚೆನ್ನಾಗಿ ನಡೆದಿದೆ.

ಈಗ ಬಾಳೆನಾರಿಗೆ ಬರುತ್ತೇನೆ.

ಲೀನಾ ಬಾಯಿ ಶಂಕರಪುರದವರು. ಮನೆಯ ಸುತ್ತ ಮಲ್ಲಿಗೆ ಗಿಡ, ಗಂಡ ಕುವೈತಿನಲ್ಲಿ ದುಡಿದು ಬಂದು ಈಗ ಗಿಡಗಳಿಗೆ ನೀರು ಹಾಕಿಕೊಂಡಿದ್ದಾರೆ. ಅವರ ಪರಿಚಯವಾದದ್ದು ನನ್ನ ತಪ್ಪಿನಿಂದ. ಅವರ ಊರಿನ ಚರ್ಚು, ಅಂದರೆ ಇಗರ್ಜಿಯ ಸ್ಮರಣಸಂಚಿಕೆಗೆ ಪ್ರೂಫ್ ನೋಡಿದ್ದು ನಾನು. ಅಚ್ಚಾಗಿ ಹೋದ ಮರುವಾರ ಒಬ್ಬರು ಹೆಂಗಸು ಸಂಚಿಕೆ ಹಿಡಿದು ನಮ್ಮ ಕೋಣೆಗೆ ಬಂದರು. ಹಿರಿಯರ ಫೋಟೋಗಳಿದ್ದ ಪುಟ ತೆರೆದು ಮೇಜಿನ ಮೇಲಿಟ್ಟರು.

"ಇದು ನನ್ನ ಅಪ್ಪನ ಹೆಸರು ಅಲ್ವಾ?"

"ಹೌದು."

"ನನ್ನ ಅಪ್ಪ ಬದುಕಿರುವಷ್ಟು ದಿನ ಮೀಸೆ ಬಿಟ್ಟವರಲ್ಲ. ಸತ್ತ ಮೇಲೆ ಬೆಳೆಯುತ್ತದಾ ಅಕ್ಕ?"

ಫೋಟೋದಲ್ಲಿದ್ದವರ ಮೀಸೆ ಕೆನ್ನೆಯವರೆಗೆ ಹೋಗಿತ್ತು. ಹೆಸರುಗಳು ಒಂದು ಸ್ಥಾನ ಜಾರಿದ್ದವು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರಿಗೆ ನಗು ಬಂತು, ಆಮೇಲೆ ನನಗೂ. ನಗುತ್ತಲೇ ಅವರು ನನ್ನ ಮೇಜಿನ ಮೇಲಿದ್ದ ಕಾದಂಬರಿ ಎತ್ತಿಕೊಂಡು, "ಇದು ಓದಿ ಆಗಿದೆಯಾ? ಅಪ್ಪನ ಮೀಸೆಗೆ ದಂಡ," ಎಂದು ಚೀಲಕ್ಕೆ ಹಾಕಿದರು.

ಅಂದಿನಿಂದ ನಮ್ಮ ಪುಸ್ತಕಗಳ ಓಡಾಟ. ನಾನು ನಿವೃತ್ತಳಾಗಿ ಉಡುಪಿಯ ಮನೆಯಲ್ಲಿ ಕೂತ ಮೇಲೂ ನಿಲ್ಲಲಿಲ್ಲ. ಇಲ್ಲಿಂದ ಹೋಗುವುದು ಶಂಕರಪುರದ ಮೇಲೆ ಹೋಗುವ ಶಿರ್ವದ ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ. ಅಲ್ಲಿಂದ ಬರುವುದು ಹೂವಿನ ಜೊತೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ, ಮಾಲೆಯನ್ನು ಚೆಂಡಿನ ಹಾಗೆ ಸುತ್ತಿ, ಬಾಳೆಎಲೆಯಲ್ಲಿ ಪೊಟ್ಟಣ ಮಾಡಿ ಹನ್ನೊಂದು ಗಂಟೆಯ ಆಟೋಕ್ಕೆ ಕೊಡುತ್ತಾರೆ. ಆ ಚೆಂಡುಗಳ ನಡುವೆ ನನ್ನ ಪುಸ್ತಕವೂ ಎಲೆ ಸುತ್ತಿಕೊಂಡು ಉಡುಪಿ ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಗೆ ಇಳಿಯುತ್ತದೆ. ಅಂಗಡಿಯವರು, "ಅಕ್ಕ, ನಿಮ್ಮ ಚಪ್ಪಟೆ ಚೆಂಡು ಬಂದಿದೆ," ಎಂದು ಕೊಡುತ್ತಾರೆ.

ಲೀನಾ ಬಾಯಿಗೆ ಒಂದು ದೊಡ್ಡ ಗುಣ ಉಂಟು, ಅಥವಾ ಆಗ ದೋಷ ಅನ್ನಿಸುತ್ತಿತ್ತು. ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವುದಿಲ್ಲ. ಫೋನಿನಲ್ಲಿ "ಹೇಗಿತ್ತು?" ಎಂದರೆ "ಓದಿ ಆಯಿತು, ಇನ್ನೊಂದು ಕಳಿಸಿ," ಎನ್ನುತ್ತಾರೆ. ಆದರೆ ಪುಸ್ತಕದೊಳಗೆ ಗುರುತುಗಳಿರುತ್ತಿದ್ದವು. ಓದು ನಿಂತಲ್ಲಿ ಬಾಳೆನಾರು ಇಡುವುದು ಅವರ ಪದ್ಧತಿ. ಹೂ ಕಟ್ಟುವ ನಾರನ್ನು ನೀರಿನಲ್ಲಿ ನೆನೆಸಿಟ್ಟಿರುತ್ತಾರಲ್ಲ, ಆ ಒದ್ದೆ ನಾರು ರಾತ್ರಿ ಬೆಳಗಾಗುವುದರೊಳಗೆ ಪುಟಕ್ಕೆ ಅಡ್ಡಲಾಗಿ ಒಂದು ಕಂದು ಗೆರೆ ಎಳೆಯುತ್ತದೆ. ನಾರು ಮುಂದೆ ಹೋದರೂ ಗೆರೆ ಅಲ್ಲೇ ಉಳಿಯುತ್ತದೆ. ಮೊದಮೊದಲು ಸಿಟ್ಟು ಬಂತು. ಆಮೇಲೆ ಓದಲು ಕಲಿತೆ. ಪ್ರೂಫ್ ನೋಡುವವರ ಕಣ್ಣಿಗೆ ಕಾಗದದ ಮೇಲಿನ ಯಾವ ಗುರುತೂ ಸುಮ್ಮನೆ ಅಲ್ಲ.

ನನ್ನ ಲೆಕ್ಕಾಚಾರ ಹೀಗಿತ್ತು. ಲೀನಾ ಬಾಯಿ ಕೆಲಸ ಮುಗಿಸಿ ಮಧ್ಯಾಹ್ನ ಒಬ್ಬರೇ ಒರಗುಕುರ್ಚಿಯಲ್ಲಿ ಕೂತು ಓದುತ್ತಾರೆ. ಬೇಸರ ಬಂದಲ್ಲಿ ನಾರು ಇಟ್ಟು ಮಲಗುತ್ತಾರೆ. ಗೆರೆ ಕಡಿಮೆ ಇದ್ದರೆ ಪುಸ್ತಕ ಓದಿಸಿಕೊಂಡಿತು. ಗೆರೆ ಹೆಚ್ಚಿದ್ದರೆ ಪುಸ್ತಕ ಮತ್ತೆ ಮತ್ತೆ ಕೈಯಿಂದ ಜಾರಿತು. ಆ ಒರಗುಕುರ್ಚಿಯನ್ನು ನಾನು ನೋಡಿದವಳಲ್ಲ. ಉಡುಪಿಯಿಂದ ಶಂಕರಪುರಕ್ಕೆ ಎಷ್ಟು ದೂರ? ಆದರೂ ಹೋಗಿರಲಿಲ್ಲ. ಹೋಗಬೇಕು ಹೋಗಬೇಕು ಎನ್ನುತ್ತಲೇ ಕುರ್ಚಿಯ ಬೆತ್ತ ಎಲ್ಲಿ ಹರಿದಿದೆ ಎಂಬುದೂ ನನಗೆ ಗೊತ್ತಾಗಿಬಿಟ್ಟಿತ್ತು.

ಕಳೆದ ಒಂದೂವರೆ ವರ್ಷದಲ್ಲಿ ಓದಿದ್ದನ್ನೇ ತೆಗೆದುಕೊಳ್ಳಿ. ಕಡಲ ಬದಿಯ ದೊಡ್ಡ ಕುಟುಂಬವೊಂದರ ಮೂರು ತಲೆಮಾರಿನ ಕಾದಂಬರಿ, ನಾನೂರಕ್ಕೂ ಹೆಚ್ಚು ಪುಟ. ನನಗೆ ಅದು ಮದುವೆ ಮನೆಯ ಊಟದ ಹಾಗೆ ಕಂಡಿತ್ತು. ಬಡಿಸಿದ್ದೇ ಬಡಿಸಿದ್ದು, ಯಾವುದರ ರುಚಿಯೂ ನಾಲಿಗೆಯಲ್ಲಿ ನಿಲ್ಲಲಿಲ್ಲ. ಲೀನಾ ಬಾಯಿಯ ಪ್ರತಿ ಬಂದಾಗ ನೋಡಿದರೆ ನಾಲ್ಕೇ ಗೆರೆ! ನಾನು ನನ್ನ ಅಭಿಪ್ರಾಯ ಬದಲಿಸಿದೆ. ನಿರೂಪಣೆಗೆ ಓಟವಿದೆ ಎಂದು ನಾಲ್ಕು ಜನರ ಎದುರು ಹೇಳಿಯೂ ಬಿಟ್ಟೆ.

ಆಮೇಲೆ ನಮ್ಮ ಕರಾವಳಿಯ ಭತ್ತದ ತಳಿಗಳ ಬಗ್ಗೆ ಒಂದು ಪುಸ್ತಕ. ಕತೆಯಲ್ಲ, ಮಾಹಿತಿ. ಬರೆದವರು ಹೆಬ್ರಿಯ ಕಡೆಯೆಲ್ಲ ಗದ್ದೆ ಗದ್ದೆ ತಿರುಗಿದ್ದಾರೆ. ಒಂದೊಂದು ಭತ್ತಕ್ಕೂ ಒಬ್ಬೊಬ್ಬ ಮನುಷ್ಯನಿಗೆ ಕೊಡುವಷ್ಟು ಮರ್ಯಾದೆ ಕೊಟ್ಟಿದ್ದಾರೆ. ಇತ್ತೀಚಿನ ಕಾದಂಬರಿಕಾರರು ತಮ್ಮ ಪಾತ್ರಗಳಿಗೆ ಅಷ್ಟು ಕೊಡುವುದಿಲ್ಲ. ನನಗೆ ಬಹಳ ಇಷ್ಟವಾಗಿತ್ತು. ಹನ್ನೊಂದು ಗೆರೆ ಬಿದ್ದಿದ್ದವು. ಸರಿ, ಒಣ ಬರಹ ಎಂದುಕೊಂಡು ನನ್ನ ಇಷ್ಟವನ್ನು ಸ್ವಲ್ಪ ಕೆಳಗಿಳಿಸಿದೆ.

ಮೂರನೆಯದು ಗೋಪಾಲಣ್ಣನ ಕಾದಂಬರಿ.

ಗೋಪಾಲಣ್ಣ ಕಾರ್ಕಳದವರು. ಸರ್ವೆ ಇಲಾಖೆಯಲ್ಲಿದ್ದು ಊರೂರಿನ ಜಾಗ ಅಳೆದವರು. ನಿವೃತ್ತಿಯ ನಂತರ ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಕಾದಂಬರಿ ಬರೆದು ನಮ್ಮ ಮುದ್ರಣಾಲಯಕ್ಕೆ ತಂದರು. ಅದೇ ನಾನು ಅಲ್ಲಿ ನೋಡಿದ ಕೊನೆಯ ಪ್ರೂಫ್. ನೂರ ಹನ್ನೆರಡು ಪುಟ. ಇಬ್ಬರು ಅಕ್ಕತಂಗಿಯರು ಪಾಲು ಕೇಳಿ ಮಾತು ಬಿಟ್ಟಿದ್ದಾರೆ. ಸರ್ವೆಯವನು ಬಂದು ಸರಪಳಿ ಎಳೆದರೆ ಗಡಿಗೆರೆ ಅಡುಗೆಮನೆಯ ನಡುವೆ ಹೋಗುತ್ತದೆ. ಒಲೆ ಒಬ್ಬಳಿಗೆ, ಬೀಸುವ ಕಲ್ಲು ಇನ್ನೊಬ್ಬಳಿಗೆ. ನಲವತ್ತನೆಯ ಪುಟದಲ್ಲಿ ತಂಗಿಗೆ ಜ್ವರ ಬಂದು ಗಂಜಿ ಕುಡಿಯುವ ಹೊತ್ತಿಗೆ ಅಕ್ಕ ಬೇರೆ ಕಡೆ ನೋಡುತ್ತ, ಕಾಲಿನಿಂದ, ಮಜ್ಜಿಗೆ ಮೆಣಸಿನ ಡಬ್ಬಿಯನ್ನು ಗೆರೆಯ ಆಚೆ ತಳ್ಳುತ್ತಾಳೆ. ಅಷ್ಟೇ. ಪ್ರೂಫ್ ನೋಡುವಾಗ ಅಲ್ಲಿ ನನ್ನ ಪೆನ್ಸಿಲು ನಿಂತಿತ್ತು. ತಪ್ಪೇನೂ ಇರಲಿಲ್ಲ, ಸುಮ್ಮನೆ ನಿಂತಿತ್ತು.

ಆದರೆ ಗೋಪಾಲಣ್ಣ ಸ್ನೇಹಿತರು. ಸ್ನೇಹಿತರ ಪುಸ್ತಕ ಇಷ್ಟವಾದರೆ ಆ ಇಷ್ಟವನ್ನು ಹೇಗೆ ನಂಬುವುದು? ಮುಂದಿನ ವಾರ ಅವರ ಹೆಂಡತಿ ಪುನರ್ಪುಳಿ ಶರಬತ್ತು ಕೊಡುತ್ತಾರೆ ಎಂಬುದೂ ಆ ಇಷ್ಟದೊಳಗೆ ಸೇರಿರುತ್ತದೆ. ಹಾಗೆಂದು ಒಂದು ಪ್ರತಿಯನ್ನು, ಬರೆದವರು ಯಾರೆಂದು ಹೇಳದೆ, ಶಂಕರಪುರಕ್ಕೆ ಕಳಿಸಿದೆ. ಹೋದದ್ದು ತುಳುವರ ಆಟಿ ತಿಂಗಳಲ್ಲಿ, ಜುಲೈ ಕೊನೆಗೆ. ಹೋದ ದಿನ ಜೋರು ಮಳೆ. ಈ ಮಾತನ್ನೂ ಆಗ ನನ್ನ ತಲೆಯಿಂದ ಹೊಡೆದುಹಾಕಿದ್ದೆ.

ಪುಸ್ತಕ ಮರಳಿತು. ಗೆರೆ ಎಣಿಸಿದೆ. ಹತ್ತೊಂಬತ್ತು. ನೂರ ಹನ್ನೆರಡು ಪುಟಕ್ಕೆ ಹತ್ತೊಂಬತ್ತು! ಆರು ಪುಟಕ್ಕೊಮ್ಮೆ ಆ ಪುಣ್ಯಾತ್ಗಿತ್ತಿ ಪುಸ್ತಕ ಮುಚ್ಚಿ ಮಲಗಿದ್ದಾರೆ.

ಗೋಪಾಲಣ್ಣ ಆಗ ಎರಡನೆಯ ಕಾದಂಬರಿಯ ಹಸ್ತಪ್ರತಿಯನ್ನು ಮುದ್ರಣಾಲಯಕ್ಕೆ ಕೊಟ್ಟಿದ್ದರು. ಅಚ್ಚಿಗೆ ಹೋಗುವ ಮೊದಲು ಮೊದಲನೆಯದರ ಬಗ್ಗೆ ನನ್ನ ಬಾಯಿಂದ ಒಂದು ಮಾತು ಕೇಳಬೇಕು ಎಂದು ಕರೆದರು. ಕಾರ್ಕಳಕ್ಕೆ ಹೋದೆ. ಆನೆಕೆರೆಯ ಹತ್ತಿರದ ಅವರ ಮನೆಯ ಚಾವಡಿಯಲ್ಲಿ ಶರಬತ್ತಿನ ಲೋಟ ಹಿಡಿದು ಕೂತು, ನಾನು ಬಹಳ ಪ್ರಾಮಾಣಿಕಳಾದೆ.

"ಓದಿಸಿಕೊಳ್ಳುವುದಿಲ್ಲ ಗೋಪಾಲಣ್ಣ. ಇದು ನನ್ನ ಮಾತಲ್ಲ. ಪುರಾವೆ ಉಂಟು," ಎಂದು ಗೆರೆಗಳ ವಿಷಯ ಹೇಳಿದೆ.

"ಹತ್ತೊಂಬತ್ತಾ?"

"ಹತ್ತೊಂಬತ್ತು."

"ಸರಿಯಾಗಿ ಎಣಿಸಿದ್ದೀರಾ ಮೇಡಂ?"

"ಎರಡು ಸಲ."

ಬೇರೆ ಲೇಖಕರಾಗಿದ್ದರೆ ಆ ಹೆಂಗಸಿಗೆ ಸಾಹಿತ್ಯ ಎಂತ ಗೊತ್ತು ಎಂದು ಜಗಳಕ್ಕೆ ಬರುತ್ತಿದ್ದರು. ಗೋಪಾಲಣ್ಣ ಜೀವಮಾನ ಇಡೀ ಸರಪಳಿ ಹಿಡಿದವರು. "ಅಳತೆ ಮಾಡಿ ಆದ ಮೇಲೆ ಮಾತಾಡಲಿಕ್ಕೆ ಎಂತ ಉಂಟು," ಎಂದರು. ಮರುದಿನ ಮಣಿಪಾಲಕ್ಕೆ ಹೋಗಿ ಹಸ್ತಪ್ರತಿಯನ್ನು ವಾಪಸ್ಸು ತಂದರಂತೆ. ಬರೆಯುವುದನ್ನೂ ಬಿಟ್ಟರಂತೆ. ಅವರ ಹೆಂಡತಿ ಫೋನಿನಲ್ಲಿ ಹೇಳಿದರು: "ಬೆಳಿಗ್ಗೆ ಎದ್ದು ಮೇಜಿನ ಹತ್ತಿರ ಹೋಗ್ತಾರೆ, ಕೂರುವುದಿಲ್ಲ. ಗಡಿಯಾರಕ್ಕೆ ಕೀಲಿ ಕೊಟ್ಟು ಬರ್ತಾರೆ. ಅದು ಸೆಲ್ಲಿನ ಗಡಿಯಾರ ಮಾರಾಯ್ತಿ."

ಇದನ್ನು ಕೇಳಿಯೂ ನಾನು ಗಟ್ಟಿಯಾಗಿದ್ದೆ. ಸಾಹಿತ್ಯದಲ್ಲಿ ದಾಕ್ಷಿಣ್ಯ ಸಲ್ಲದು ಇತ್ಯಾದಿ. ಆದರೆ ಆ ನಂತರದ ಎಂಟು ತಿಂಗಳು ಕಾರ್ಕಳದ ಬಸ್ಸು ಕಂಡರೆ ಬೇರೆ ಕಡೆ ನೋಡುತ್ತಿದ್ದೆ.

ಮೇ ತಿಂಗಳಲ್ಲಿ ಒಂದು ದಿನ ಲೀನಾ ಬಾಯಿಯ ಫೋನು.

"ಸರೋಜಕ್ಕ, ಆ ಅಡುಗೆಮನೆಗೆ ಗೆರೆ ಹಾಕಿದ ಪುಸ್ತಕ ಬರೆದವರದ್ದು ಇನ್ನೊಂದು ಉಂಟಾ?"

ನನಗೆ ಅರ್ಥವಾಗಲಿಲ್ಲ. "ಅದು ನಿಮಗೆ ಸೇರಲಿಲ್ಲ ಅಲ್ವಾ?"

"ಯಾರು ಹೇಳಿದ್ದು?"

"ಹತ್ತೊಂಬತ್ತು ಸಲ ಮುಚ್ಚಿಟ್ಟಿದ್ದೀರಲ್ಲ."

ಅವರು ಫೋನನ್ನು ಸ್ವಲ್ಪ ದೂರ ಹಿಡಿದು ಯಾರಿಗೋ ಕೊಂಕಣಿಯಲ್ಲಿ ಏನೋ ಹೇಳಿದರು. ಅಲ್ಲಿ ಎರಡು ಮೂರು ಜನ ಒಟ್ಟಿಗೆ ನಕ್ಕದ್ದು ಕೇಳಿಸಿತು. "ನೀವು ಒಮ್ಮೆ ಬನ್ನಿ," ಎಂದರು. "ಬೆಳಿಗ್ಗೆ ಎಂಟಕ್ಕೆ ಬನ್ನಿ. ಮಧ್ಯಾಹ್ನ ಬಂದರೆ ಎಂತ ಸಹ ಕಾಣುವುದಿಲ್ಲ."

ಹೋದೆ. ಆ ಮನೆಯಲ್ಲಿ ಒರಗುಕುರ್ಚಿಯೇ ಇರಲಿಲ್ಲ.

ಜಗಲಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ಸುತ್ತ ಕೂತು ಹೂ ಕಟ್ಟುತ್ತಿದ್ದವರು ಲೀನಾ ಬಾಯಿ, ಅವರ ಗಂಡ, ಪಕ್ಕದ ಮನೆಯ ಸುಮತಿ. ನಡುವೆ ಒಂದು ಸ್ಟೂಲಿನ ಮೇಲೆ, ಇಗರ್ಜಿಯ ವೇದಿಕೆಯಲ್ಲಿ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದರು. ಲೀನಾ ಬಾಯಿಯ ಅತ್ತೆ. ಕೊಂಕಣಿಯಲ್ಲಿ ಮಾಂಯ್. ಸುಮತಿಗೂ ಮಾಂಯ್, ಹತ್ತು ನಿಮಿಷದೊಳಗೆ ನನಗೂ. ಅವರ ಬೆರಳುಗಳು ಈಗ ಮಡಚುವುದಿಲ್ಲ, ಗಂಟು ಹಾಕಲಾಗುವುದಿಲ್ಲ. ಕೈಗೆ ಕೆಲಸ ಹೋದ ಮೇಲೆ ಸುಮ್ಮನೆ ಕೂರುವುದು ಹೇಗೆ ಎಂದು ಓದುವ ಕೆಲಸ ಹಿಡಿದಿದ್ದಾರೆ. ನಾನು ಕಳಿಸಿದ ಪುಸ್ತಕಗಳೆಲ್ಲ ಇಷ್ಟು ವರ್ಷ ಇಲ್ಲಿ ಓದಿದ್ದಲ್ಲ, ಕೇಳಿದ್ದು!

ಆ ದಿನದ ಪುಸ್ತಕ ದಾದಿಯೊಬ್ಬರ ನೆನಪುಗಳು, ನಾನೇ ಕಳಿಸಿದ್ದು. ಮಾಂಯ್ ಒಂದೊಂದು ಅಕ್ಷರವನ್ನೂ ಬಿಡಿಸಿ, ಪೂರ್ಣವಿರಾಮಕ್ಕೆ ಉಸಿರು ತೆಗೆದು ಓದುತ್ತಿದ್ದರು. ಅಲ್ಪವಿರಾಮಕ್ಕೆ ಎಷ್ಟು ಬೇಕೋ ಅಷ್ಟೇ ನಿಲ್ಲುತ್ತಿದ್ದರು. ನನ್ನ ಮೊದಲ ಸಂಕಲನ ನೆನಪಾಗಿ ಕಿವಿ ಬಿಸಿಯಾಯಿತು.

"ಆಗ ವಾರ್ಡಿನ ಬಾಗಿಲು ತೆರೆಯಿತು," ಎಂದು ಮಾಂಯ್ ಓದಿದರು. "ಒಳಗೆ ಬಂದವನನ್ನು ನೋಡಿ ನನ್ನ ಕೈಯಲ್ಲಿದ್ದ..."

"ಹೂ ಆಯಿತು," ಎಂದರು ಸುಮತಿ, ಕೊನೆಯ ಮೊಗ್ಗಿಗೆ ಗಂಟು ಬಿಗಿದು.

ಮಾಂಯ್ ಅಲ್ಲಿಗೇ ನಿಲ್ಲಿಸಿದರು. ಉಳಿದ ಒಂದು ಒದ್ದೆ ನಾರನ್ನು ಪುಟದ ನಡುವೆ ಇಟ್ಟು ಟಪ್ಪೆಂದು ಮುಚ್ಚಿದರು. ಎಲ್ಲರೂ ಎದ್ದರು. ಬಾಳೆಎಲೆ, ಪೊಟ್ಟಣ, ಗೇಟಿನಲ್ಲಿ ಆಟೋದ ಹಾರ್ನು.

"ಯಾರು ಬಂದದ್ದು?" ಎಂದೆ ನಾನು. ಆ ಪುಸ್ತಕವನ್ನು ಓದಿದವಳು ನಾನೇ, ಆದರೂ ತಡೆಯಲಾಗಲಿಲ್ಲ.

"ನಾಳೆ," ಎಂದರು ಮಾಂಯ್.

"ವಾಕ್ಯವಾದರೂ ಮುಗಿಸಬಹುದಲ್ಲ ಮಾಂಯ್?"

"ಹೂ ಮುಗಿದರೆ ಓದು ಮುಗಿಯಿತು. ಇಲ್ಲದಿದ್ದರೆ ಇವರು ಪೊಟ್ಟಣ ಕಟ್ಟದೆ ಕೂರ್ತಾರೆ. ಮತ್ತೆ ಆ ಆಟೋದವನ ಬಾಯಿಗೆ ಯಾರು ಕಿವಿ ಕೊಡುವುದು?"

"ಮಧ್ಯಾಹ್ನ ಯಾರೂ ಕದ್ದು ಓದುವುದಿಲ್ಲವಾ?"

ಮೂವರೂ ಲೀನಾ ಬಾಯಿಯ ಗಂಡನ ಕಡೆ ನೋಡಿದರು. ಅವರು ನಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಹಾಗಾದರೆ ನನ್ನ ಗೆರೆಗಳು? ಒಂದು ಗೆರೆ ಎಂದರೆ ಒಂದು ಬೆಳಗಿನ ಹೂವು. ಅಷ್ಟೇ. ಬೇಸಿಗೆಯಲ್ಲಿ ಹೂವು ರಾಶಿ ರಾಶಿ, ಮೂರು ನಾಲ್ಕು ಗಂಟೆ ಕಟ್ಟಬೇಕು, ಓದು ಉದ್ದ, ಗೆರೆ ಕಡಿಮೆ. ಮಳೆಗಾಲದಲ್ಲಿ ಮೊಗ್ಗು ಗಿಡದಲ್ಲೇ ಕೊಳೆಯುತ್ತದೆ. ಒಂದೊಂದು ಹಿಡಿ ಸಿಕ್ಕಿದರೆ ಹೆಚ್ಚು. ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಆರು ಪುಟಕ್ಕೆ ಪುಸ್ತಕ ಮುಚ್ಚುತ್ತದೆ. ಕುಟುಂಬದ ದೊಡ್ಡ ಕಾದಂಬರಿ ಹೋದದ್ದು ಏಪ್ರಿಲಿನಲ್ಲಿ. ಗೋಪಾಲಣ್ಣನದು ಆಟಿಯಲ್ಲಿ. ನಾನು ಇಷ್ಟು ಕಾಲ ಓದಿದ್ದು ಸಾಹಿತ್ಯ ವಿಮರ್ಶೆಯಲ್ಲ, ಮಳೆಯ ವರದಿ. ಅದೂ ಮಳೆಯನ್ನು ತೆಗೆದುಹಾಕಿ ಓದಿದ್ದು.

"ಆ ದೊಡ್ಡ ಕಾದಂಬರಿ ಇಷ್ಟ ಆಯಿತಾ?" ಎಂದು ಕೇಳಿದೆ. ಚಹಾ ಬಂದಿತ್ತು.

"ಯಾವುದು, ಸಾಯುವವರದ್ದಾ?" ಎಂದರು ಸುಮತಿ. "ನಾನು ಅದರಲ್ಲಿ ಚೆಂದ ನಿದ್ದೆ ಮಾಡಿದ್ದೇನೆ. ಕೈ ಕಟ್ಟುತ್ತಾ ಇತ್ತು, ನಾನು ಮಲಗಿದ್ದೆ. ಎದ್ದಾಗ ಅಜ್ಜ ಸತ್ತಿದ್ದ. ಮತ್ತೊಮ್ಮೆ ಎದ್ದಾಗ ಅವನ ಮಗನೂ ಸತ್ತಿದ್ದ."

"ನಾನು ಪುಟ ಹಾರಿಸಿದ್ದೇನೆ," ಎಂದರು ಮಾಂಯ್, ಪಾಪನಿವೇದನೆ ಮಾಡುವವರ ಹಾಗೆ ಅಲ್ಲ, ಪಾಪವನ್ನು ಕೇಳುವವರ ಹಾಗೆ. "ಸೂರ್ಯ ಮುಳುಗುವುದನ್ನು ಹತ್ತು ಸಲ ಎಂತಕ್ಕೆ ಓದುವುದು? ಅದು ದಿನಾ ಮುಳುಗುತ್ತದೆ."

ಭತ್ತದ ಪುಸ್ತಕಕ್ಕೆ ಹನ್ನೊಂದು ಗೆರೆ ಬಿದ್ದದ್ದು ಬೇರೆ ಕಾರಣಕ್ಕೆ. ಪುಟ ಪುಟಕ್ಕೂ ಸುಮತಿ ಲೇಖಕರ ಜೊತೆ ಜಗಳವಾಡಿದ್ದರಂತೆ. ಆ ಭತ್ತ ಅಷ್ಟು ದಿನದಲ್ಲಿ ಬರುವುದಿಲ್ಲ, ನಮ್ಮ ತವರಿನಲ್ಲಿ ಬೆಳೆದವರಿಗೆ ಗೊತ್ತು ಎಂದು. ಮಾಂಯ್ ಪುಸ್ತಕದ ಪಕ್ಷ ಹಿಡಿದು ವಾದಿಸಿ, ಓದು ನಿಂತು, ಹೂವು ಮುಗಿದು. ಒಂದು ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದು ಉಂಟು ಹೇಳಿ?

"ಮತ್ತೆ ಆ ಅಕ್ಕತಂಗಿಯರದ್ದು?"

ಲೀನಾ ಬಾಯಿ ಸುಮತಿಯ ಮುಖ ನೋಡಿದರು. ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೇಳು ಮಾರಾಯ್ತಿ," ಎಂದರು ಲೀನಾ ಬಾಯಿ.

"ಹೂವು ಸ್ವಲ್ಪವೇ ಇತ್ತಲ್ಲ ಅಕ್ಕ," ಎಂದರು ಸುಮತಿ. "ಬೇಗ ಕಟ್ಟಿದರೆ ಮಾಂಯ್ ಮುಚ್ಚಿಬಿಡ್ತಾರೆ. ಹಾಗೆ ನಾನು ಕಟ್ಟಿದ್ದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟುತ್ತಾ ಇದ್ದೆ. ಲೀನಾ ಬಾಯಿ ಸಹ ಬಿಚ್ಚಿದ್ದಾರೆ, ನಾನೊಬ್ಬಳೇ ಅಲ್ಲ."

"ಎರಡು ದಿನ ಆಟೋ ಕಾದು ಕಾದು ಹೋಯಿತು," ಎಂದು ಒಳಗಿನಿಂದ ಗಂಡನ ಧ್ವನಿ. "ಚೆಂಡು ಹಿಡಿದುಕೊಂಡು ಮಳೆಯಲ್ಲಿ ಸ್ಕೂಟರಿನಲ್ಲಿ ಉಡುಪಿಗೆ ಹೋದದ್ದು ನಾನು. ಆ ಅಕ್ಕ ಒಂದು ಡಬ್ಬಿ ಮೆಣಸು ತಳ್ಳಲಿಕ್ಕೆ!"

ನಾನು ಚಹಾದ ಲೋಟ ಕೆಳಗಿಟ್ಟೆ. ನಲವತ್ತನೆಯ ಪುಟ.

"ಕೊನೆಗೆ ಅವರಿಬ್ಬರು ಮಾತಾಡಲೇ ಇಲ್ಲ," ಎಂದರು ಲೀನಾ ಬಾಯಿ. "ಹಾಗೆ ಕೇಳಿದ್ದು, ಇನ್ನೊಂದು ಪುಸ್ತಕ ಉಂಟಾ ಅಂತ."

ಹೊರಡುವಾಗ ಹೇಗೋ ಧೈರ್ಯ ಮಾಡಿ ಕೇಳಿದೆ. ಹಿಂದೊಮ್ಮೆ ನನ್ನದೂ ಒಂದು ಸಂಕಲನ ಕಳಿಸಿದ್ದೆನಲ್ಲ, ಅದಕ್ಕೆ ಒಂದೂ ಗೆರೆ ಬಿದ್ದಿರಲಿಲ್ಲ. ಒಂದೇ ಉಸಿರಿಗೆ ಓದಿದ್ದಾರೆ ಎಂದು ನಾನು ಎಷ್ಟೋ ದಿನ ಖುಷಿಯಲ್ಲಿದ್ದೆ.

ಸುಮತಿ ಖಾಲಿ ಲೋಟಗಳನ್ನು ಜೋಡಿಸತೊಡಗಿದರು. ಮಾಂಯ್ ನನ್ನ ಕೈ ಹಿಡಿದು ಬಹಳ ಪ್ರೀತಿಯಿಂದ ಹೇಳಿದರು: "ಅದನ್ನು ಶುರು ಮಾಡಿದ ದಿನ ಇವರೆಲ್ಲ ಭಾರೀ ಬೇಗ ಕಟ್ಟಿದರು ಮಗಾ. ನಾರು ಇಡುವುದು ಬೇಡ ಅಂದರು."

ಆ ವಾರವೇ ಕಾರ್ಕಳದ ಬಸ್ಸು ಹತ್ತಿದೆ. ಹತ್ತೊಂಬತ್ತು ಗೆರೆಯ ಪ್ರತಿ ಚೀಲದಲ್ಲಿತ್ತು. ಮಣಿಪಾಲ ದಾಟಿ ಹಿರಿಯಡ್ಕ ಬರುವವರೆಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. ಆಮೇಲೆ ಜೋಡಣೆ ಅತಿಯಾಗಿ ಚೆಂದ ಕಂಡು ಕೆಡಿಸಿದೆ.

ಗೋಪಾಲಣ್ಣ ಎಲ್ಲವನ್ನೂ ಕೇಳಿದರು. ಪುಸ್ತಕ ತೆರೆದು ಗೆರೆಗಳ ಮೇಲೆ ಬೆರಳಾಡಿಸಿದರು. ಹೂ ಬಿಚ್ಚಿ ಕಟ್ಟಿದ ಕತೆಗೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ನಾನು ಅವತ್ತೇ ಕೇಳಬೇಕಿತ್ತು, ಯಾವ ತಿಂಗಳ ಅಳತೆ ಅಂತ," ಎಂದರು. "ಸರಪಳಿ ಬಿಸಿಲಿಗೆ ಹಿಗ್ಗುತ್ತದೆ ಮೇಡಂ. ಬೇಸಿಗೆಯ ಅಳತೆಯೇ ಬೇರೆ, ಮಳೆಗಾಲದ್ದೇ ಬೇರೆ. ನಮಗೆ ಅದನ್ನು ಮೊದಲ ದಿನ ಹೇಳಿಕೊಡ್ತಾರೆ."

"ಹಾಗಾದರೆ ಎರಡನೆಯದನ್ನು ಅಚ್ಚಿಗೆ ಕೊಡಿ. ಅವರು ಕಾಯ್ತಾ ಇದ್ದಾರೆ."

ಅವರು ಪುಸ್ತಕ ಮುಚ್ಚಿದರು. "ಅದು ಅವರ ಮಾತಾಯಿತು. ಅವತ್ತು ಸಹ ಅವರ ಮಾತೇ ತಂದಿರಿ, ಇವತ್ತು ಸಹ ಅವರದ್ದೇ. ನಾನು ಕರೆದದ್ದು ನಿಮ್ಮನ್ನು. ನಿಮಗೆ ಎಂತ ಅನ್ನಿಸಿತು?"

ಪುನರ್ಪುಳಿ ಶರಬತ್ತು ಬಂತು. ಕುಡಿಯಲಿಲ್ಲ. ಲಂಚದ ಹಾಗೆ ಕಾಣುತ್ತಿತ್ತು. ನಾನು ಎಷ್ಟು ಪುಸ್ತಕಗಳ ತಪ್ಪು ತೋರಿಸಿದ್ದೇನೆ, ಆಗೆಲ್ಲ ನಾಲಿಗೆ ಚುರುಕಾಗಿರುತ್ತದೆ. ಇಷ್ಟವಾಯಿತು ಎಂದು ಬರೆದವರ ಮುಖ ನೋಡಿ ಹೇಳುವಾಗ ಮಾತ್ರ ಹನ್ನೆರಡು ವರ್ಷದ ಹುಡುಗಿಯ ಹಾಗೆ ನಾಚಿಕೆ. ಒಣಸಿಗಡಿಯ ವಾಸನೆ ಕೂಡ ಬಂತು.

"ನಲವತ್ತನೆಯ ಪುಟದಲ್ಲಿ," ಎಂದೆ, "ಪ್ರೂಫ್ ನೋಡುವಾಗ ಪೆನ್ಸಿಲು ನಿಂತಿತ್ತು. ತಂಗಿಯ ಬದಲು ನಾನು ಆ ಡಬ್ಬಿ ತೆಗೆದುಕೊಳ್ಳಬೇಕು ಅನ್ನಿಸಿತ್ತು. ನನಗೆ ಬಹಳ ಇಷ್ಟವಾಗಿತ್ತು ಗೋಪಾಲಣ್ಣ. ಮೊದಲಿನಿಂದಲೂ."

"ಮತ್ತೆ ಹೇಳಲಿಲ್ಲ ಎಂತಕ್ಕೆ?"

"ನನ್ನನ್ನೇ ನಂಬಲಿಲ್ಲ."

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕೆಂಪು ದಾರ ಕಟ್ಟಿದ ಹಸ್ತಪ್ರತಿ ಇತ್ತು. ಮೊದಲ ಹಾಳೆಯ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು.

"ಅಚ್ಚಿಗೆ ಆಮೇಲೆ ನೋಡುವ," ಎಂದರು. "ಮೊದಲು ಆ ಜಗಲಿಗೆ ಹೋಗಲಿ. ಆದರೆ ಇದರಲ್ಲಿ ಆ ಅಕ್ಕತಂಗಿಯರು ಇಲ್ಲ. ಇದು ಒಂದು ಬಾವಿಯ ಕತೆ. ಅವರಿಗೆ ಬೇಸರವಾಗುತ್ತದಾ?" ಸ್ವಲ್ಪ ಯೋಚಿಸಿ, ತಮ್ಮಷ್ಟಕ್ಕೆ ಹೇಳಿಕೊಂಡರು: "ಬಾವಿಗೆ ನೀರಿಗೆ ಅಂತ ಬರಬಹುದಲ್ಲ, ಇಬ್ಬರೂ."

ಮರುದಿನ ಬೆಳಿಗ್ಗೆ ಅವರು ಮೇಜಿಗೆ ಕೂತರು ಎಂದು ಅವರ ಹೆಂಡತಿ ಫೋನು ಮಾಡಿದರು. ಗಡಿಯಾರಕ್ಕೆ ಕೀಲಿ ಕೊಡಲಿಲ್ಲವಂತೆ. ಹತ್ತು ದಿನದಲ್ಲಿ ಹಸ್ತಪ್ರತಿ ಮೂರು ಹಾಳೆ ದಪ್ಪವಾಗಿ ನನ್ನ ಕೈಗೆ ಬಂತು. ಶಿರ್ವದ ಬಸ್ಸಿನ ಕಂಡಕ್ಟರರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟುಕೊಂಡರು. ಅಷ್ಟರಲ್ಲಿ ಮಳೆಗಾಲ ಹಿಡಿದಿತ್ತು.

ಈಗಲೂ ಹೊರಗೆ ಮಳೆ ಬರುತ್ತಿದೆ. ಈ ಸಲ ಹೊಡೆದುಹಾಕುವುದಿಲ್ಲ. ಶಂಕರಪುರದ ಗಿಡಗಳಲ್ಲಿ ಮೊಗ್ಗು ಅಷ್ಟಕ್ಕಷ್ಟೆ. ಬಾವಿಯ ಕತೆ ದಿನಕ್ಕೆ ಐದಾರು ಹಾಳೆ ಹೋಗುತ್ತಿರಬೇಕು. ಹೇಗಿದೆ ಎಂದು ಲೀನಾ ಬಾಯಿಯನ್ನು ಕೇಳಿದರೆ "ಓದಿ ಆಗಲಿಲ್ಲ," ಎನ್ನುತ್ತಾರೆ. ಹೂವಿನ ಸುದ್ದಿ, ಆಟೋದ ಸುದ್ದಿ ಮಾತ್ರ ಹೇಳುತ್ತಾರೆ. ಗೋಪಾಲಣ್ಣ ಮಾತ್ರ ದಿನಾ ಹನ್ನೊಂದೂವರೆಗೆ ಸರಿಯಾಗಿ ನನಗೆ ಫೋನು ಮಾಡುತ್ತಾರೆ. ಕಾದಂಬರಿಯ ಸುದ್ದಿ ಎತ್ತುವುದಿಲ್ಲ. ಮಳೆ ಹೇಗುಂಟು, ಕಾಲುನೋವು ಹೇಗುಂಟು ಎಂದೆಲ್ಲ ಕೇಳಿ, ಕೊನೆಗೆ ಮರೆತಿದ್ದು ನೆನಪಾದವರ ಹಾಗೆ:

"ಮತ್ತೆ, ಇವತ್ತು ಹೂವು ಎಷ್ಟು ಉಂಟಂತೆ?"

"ಬಹಳ ಕಡಿಮೆಯಂತೆ ಗೋಪಾಲಣ್ಣ," ಎನ್ನುತ್ತೇನೆ. ಅವರು ಫೋನಿಡುವ ಮೊದಲೇ ಸೇರಿಸುತ್ತೇನೆ:

"ಆದರೆ ಆಟೋ ಇವತ್ತೂ ಕಾದಿದೆಯಂತೆ."